ಹಾನ್‌ಫು ಹೊಲಿಯುವವರಿಗೆ ಕತ್ತರಿಸುವ ಕ್ರಮವನ್ನೂ ತಿಳಿಸಿ

ಮಾನ್ಯ ಸಂಪಾದಕರಿಗೆ,

ಚೀನಾದ ಯುವಜನರು ಮತ್ತೆ ತೊಡತೊಡಗಿರುವ ಹಾನ್‌ಫು ಉಡುಪಿನ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಚಿತ್ರಲೇಖನವನ್ನು ಆಸಕ್ತಿಯಿಂದ ಓದಿದೆ. ಕಸೂತಿಗೂ ಕೇಶಾಲಂಕಾರಕ್ಕೂ ಅಷ್ಟು ಜಾಗ ಕೊಟ್ಟ ಲೇಖನವು ಅದನ್ನು ಕತ್ತರಿಸಿ ಹೊಲಿಯುವ ಬಗೆಯ ಕುರಿತು ಒಂದು ಮಾತನ್ನೂ ಹೇಳದಿರುವುದು ಹೊಲಿಗೆ ಕಲಿಸುವ ನನಗೆ ಕೊರತೆಯಾಗಿ ಕಂಡಿತು.

ಲೇಖನವು ಚೀಪಾವ್ ಮತ್ತು ಹಾನ್‌ಫು ಎರಡನ್ನೂ ಒಂದೇ ಎಂಬಂತೆ ಹೇಳಿದೆ. ಮೈಗಂಟಿ ಕೂರುವ ಚೀಪಾವ್ 1920–30ರ ದಶಕಗಳ ಶಾಂಘೈಯಲ್ಲಿ ರೂಪ ತಳೆದದ್ದು. ಹಾನ್‌ಫು ಎಂಬುದು 1644ರಲ್ಲಿ ಮಿಂಗ್ ಆಳ್ವಿಕೆ ಮುಗಿದು, ಮಂಚು ಅರಸರು ಗಂಡಸರಿಗೆ ತಮ್ಮ ಉಡುಪನ್ನು ಕಡ್ಡಾಯ ಮಾಡುವ ಮೊದಲು ಹಾನ್ ಜನರು ತೊಡುತ್ತಿದ್ದ ನಾನಾ ಕಾಲದ ಉಡುಪುಗಳ ಒಟ್ಟು ಹೆಸರು.

ನಮ್ಮ ರವಿಕೆಗೆ ನಾವು ಭುಜದ ಇಳಿಜಾರು, ಕಂಕುಳ ಸುತ್ತು, ಡಾರ್ಟ್ (ಮೈಗೆ ಹೊಂದಲು ಹಾಕುವ ಮಡಿಕೆ ಹೊಲಿಗೆ) ಎಲ್ಲವನ್ನೂ ಅಳೆದು ಕತ್ತರಿಸುತ್ತೇವೆ. ಹಾನ್‌ಫುವಿನಲ್ಲಿ ಬಟ್ಟೆಯನ್ನು ಭುಜದ ಮೇಲೆ ಮಡಚುತ್ತಾರೆಯೇ ಹೊರತು ಅಲ್ಲಿ ಹೊಲಿಗೆ ಹಾಕುವುದಿಲ್ಲ. ಹಳೆಯ ಮಗ್ಗಗಳ ಬಟ್ಟೆಗೆ ಅಗಲ ಕಡಿಮೆಯಿದ್ದುದರಿಂದ ಎರಡು ಉದ್ದನೆಯ ತುಂಡುಗಳನ್ನು ಬೆನ್ನಿನ ನಡುವೆ ಸೇರಿಸಿ, ತೋಳು ಉದ್ದವಾಗಲು ತುದಿಗೆ ಬೇರೆ ತುಂಡುಗಳನ್ನು ಜೋಡಿಸುತ್ತಿದ್ದರು. ಆ ಬೆನ್ನ ಹೊಲಿಗೆ, ಮೇಲ್ತೋಳಿನ ಆ ಜೋಡಣೆ, ಕಂಕುಳಲ್ಲಿ ಸಡಿಲವಾಗಿ ನಿಲ್ಲುವ ನೆರಿಗೆ ಇವೆಲ್ಲ ಸೇರಿಯೇ ಉಡುಪಿಗೆ ಅದರ ಇಳಿತ ಬರುತ್ತದೆ. ಬೇರೆ ಕತ್ತರಿಸಿದ ತೋಳನ್ನು ಕಂಕುಳಿಗೆ ಕೂರಿಸಿ, ಬೆನ್ನಿಗೆ ಜಿಪ್ ಹಾಕಿದರೆ ಎಷ್ಟೇ ಕಸೂತಿಯಿದ್ದರೂ ಅದು ನಾಟಕದ ವೇಷವಾಗಿಬಿಡುತ್ತದೆ.

ತೊಟ್ಟವರ ಎದೆಯ ಎಡ ಅಂಚು ಬಲ ಅಂಚಿನ ಮೇಲೆ ಬಂದು ಬಲಪಕ್ಕದಲ್ಲಿ ಕಟ್ಟಿಕೊಳ್ಳಬೇಕು. ಇದರ ವಿರುದ್ಧ ಕ್ರಮವನ್ನು ಹಾನ್ ಸಂಪ್ರದಾಯ ಮೃತರ ಉಡುಪಿನೊಂದಿಗೆ ಹೊಂದಿಸಿ ನೋಡುತ್ತದೆ. ತಮ್ಮ ಎರಡನೆಯ ಚಿತ್ರ ಬಹುಶಃ ತಿರುವುಮುರುವಾಗಿ ಅಚ್ಚಾಗಿದ್ದು, ಅದನ್ನು ನೋಡಿ ಹೊಲಿದವರು ತಪ್ಪು ಕಲಿಯುತ್ತಾರೆ.

ಕಲಿಯಲು ಆಧಾರಗಳಿಗೆ ಬರವಿಲ್ಲ. ಚಾಂಗ್‌ಶಾ ಬಳಿಯ ಮವಾಂಗ್‌ದುಯಿಯಲ್ಲಿ 1972ರಲ್ಲಿ ತೆರೆದ, ಎರಡು ಸಾವಿರ ವರ್ಷಕ್ಕೂ ಹಿಂದಿನ ಪಶ್ಚಿಮ ಹಾನ್ ಕಾಲದ ಸಮಾಧಿಯಲ್ಲಿ ದೊರೆತ ರೇಷ್ಮೆ ನಿಲುವಂಗಿಯೊಂದು 128 ಸೆಂಟಿಮೀಟರ್ ಉದ್ದವಿದ್ದೂ ಕೇವಲ 49 ಗ್ರಾಂ ತೂಗುತ್ತದೆ! ಫೂಝೌನಲ್ಲಿ 1975ರಲ್ಲಿ ಸಿಕ್ಕ ಹುವಾಂಗ್ ಶೆಂಗ್ ಎಂಬ ಯುವತಿಯ ಸಮಾಧಿ ದಕ್ಷಿಣ ಸಾಂಗ್ ಕಾಲದ (12–13ನೇ ಶತಮಾನ) ಉಡುಪುಗಳ ಭಂಡಾರವೇ ಆಗಿತ್ತು.

ಹೊಸಬರು ಮಾಮಿಯಾನ್ ಲಂಗದಿಂದ ತೊಡಗುವುದು ಒಳ್ಳೆಯದು. ಒಂದೇ ಸೊಂಟಪಟ್ಟಿಗೆ ಬಟ್ಟೆಯ ಎರಡು ಹಾಳೆ. ಪ್ರತಿ ಹಾಳೆಯ ಎರಡೂ ತುದಿ ಸಪಾಟು, ನಡುವೆ ನೆರಿಗೆ. ಹಾಳೆಗಳ ಸಪಾಟು ತುದಿಗಳು ಒಂದರ ಮೇಲೊಂದು ಕೂರುವಂತೆ ಸುತ್ತಿ ಕಟ್ಟಿದರೆ ಮುಂದೆ ಹಿಂದೆ ಸಪಾಟು, ಪಕ್ಕಗಳಲ್ಲಿ ನೆರಿಗೆ. ಪಟ್ಟಿಗೆ ಹತ್ತಿ ಬಟ್ಟೆಯನ್ನೇ ಬಳಸಬೇಕು. ರೇಷ್ಮೆಯಾದರೆ ಸೊಂಟದಿಂದ ಜಾರುತ್ತದೆ. ಕತ್ತರಿಗೆ ಸಿಗದೆ ನುಣುಚುವ ಸ್ಯಾಟಿನ್‌ಗಿಂತ ನಮ್ಮಲ್ಲಿ ಸಿಗುವ ಕೈಮಗ್ಗದ ಹತ್ತಿ ಮೊದಲ ಪ್ರಯತ್ನಕ್ಕೆ ಬಹಳ ಅನುಕೂಲ.

ತೊಡುವಾಗ ಕಾಲಗಳನ್ನು ಬೆರೆಸಬಾರದು ಎಂಬುದು ನನ್ನ ಅಭಿಪ್ರಾಯ. ತಾಂಗ್ ಕಾಲದ (7–10ನೇ ಶತಮಾನ) ಶೈಲಿಯಲ್ಲಿ ಮೇಲಂಗಿಯನ್ನು ಎದೆಯೆತ್ತರಕ್ಕೆ ಕಟ್ಟಿದ ಲಂಗದೊಳಗೆ ಸೇರಿಸುತ್ತಾರೆ. ಮಿಂಗ್ ಶೈಲಿಯಲ್ಲಿ ಅಂಗಿ ಲಂಗದ ಮೇಲೆ ಇಳಿಯುತ್ತದೆ. ಕೊರಳಪಟ್ಟಿಗೆ ಬೇರೆಯಾಗಿ ತೆಗೆದು ಒಗೆಯಬಹುದಾದ ಬಿಳಿ ಪಟ್ಟಿಯೊಂದನ್ನು ಹೊಲಿದುಕೊಂಡರೆ ಉಡುಪು ಬಹುಕಾಲ ಬಾಳುತ್ತದೆ.

ಮುಂದಿನ ಪುರವಣಿಯಲ್ಲಿ ಸರಿಪಡಿಸಿದ ಚಿತ್ರದ ಜೊತೆಗೆ ಮಾಮಿಯಾನ್ ಲಂಗದ ಅಳತೆಯ ನಕ್ಷೆಯೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಹೊಲಿಗೆ ಶಿಕ್ಷಕಿ, ಧಾರವಾಡ