ಸಾಂದ್ರತೆಯ ಜೊತೆ ಯಾವ ನೆಲ ಎಂಬುದನ್ನೂ ಹೇಳಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಇನ್ನೆಷ್ಟು ಮಹಡಿ ಕಟ್ಟಲು ಬಿಡಬೇಕು ಎಂಬ ಚರ್ಚೆ ಬಂದಾಗಲೆಲ್ಲ ‘ಹೆಕ್ಟೇರಿಗೆ ಇಷ್ಟು ಮನೆ’ ಎನ್ನುತ್ತಾರೆ. ಯಾವ ಹೆಕ್ಟೇರ್ ಎಂದು ಹೇಳುವುದೇ ಇಲ್ಲ.

10 ಹೆಕ್ಟೇರಿನ, ಅಂದರೆ ಸುಮಾರು 25 ಎಕರೆಯ ಬಡಾವಣೆ ಎಂದಿಟ್ಟುಕೊಳ್ಳಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆ ಪ್ರಕಾರ ಪಾರ್ಕು, ಆಟದ ಮೈದಾನಕ್ಕೆ ಕನಿಷ್ಠ ಶೇ 15, ನಾಗರಿಕ ಸೌಲಭ್ಯಕ್ಕೆ ಶೇ 10. ರಸ್ತೆಗೆ ಶೇ 25 ಹೋದರೆ ಉಳಿಯುವ 5 ಹೆಕ್ಟೇರಿನಲ್ಲಿ 30x40 ಅಡಿಯ ಸುಮಾರು 448 ಸೈಟುಗಳು. ಸೈಟಿಗೊಂದು ಮನೆಯಾದರೆ ಸೈಟುಗಳ ನೆಲವಷ್ಟೇ ಹಿಡಿದ ನಿವ್ವಳ ಸಾಂದ್ರತೆ ಹೆಕ್ಟೇರಿಗೆ 90 ಮನೆ. ಇಡೀ ಬಡಾವಣೆಗೆ ಭಾಗಿಸಿದ ಒಟ್ಟು ಸಾಂದ್ರತೆ 45. ಒಂದು ಬಡಾವಣೆಯ ನಿವ್ವಳವನ್ನು ಇನ್ನೊಂದರ ಒಟ್ಟು ಅಂಕಿಯ ಪಕ್ಕ ಇಟ್ಟರೆ ಇಲ್ಲದ ದಟ್ಟಣೆ ಕಾಣುತ್ತದೆ. ವಾರ್ಡ್ ಸರಾಸರಿಯಲ್ಲಿ ಇದರ ಉಲ್ಟಾ: ಕೆರೆ, ಸೇನೆಯ ಜಾಗ, ಐಐಎಸ್‌ಸಿಯಂಥ ಆವರಣ ಸೇರಿ ಪಕ್ಕದ ಇಕ್ಕಟ್ಟಿನ ಗಲ್ಲಿಗಳು ಮರೆಯಾಗುತ್ತವೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಂದ್ರತೆ ಚದರ ಕಿ.ಮೀ.ಗೆ 4,381, ಎಂದರೆ ಹೆಕ್ಟೇರಿಗೆ 44 ಜನ. ಆನೇಕಲ್ ಕಡೆಯ ಹೊಲಗಳೂ ಅದರಲ್ಲಿವೆ!

ಎಫ್‌ಎಆರ್ ಅನ್ನೇ, ಅಂದರೆ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಡ ಎಂಬ ಅನುಪಾತವನ್ನೇ, ಸಾಂದ್ರತೆ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. 30x40 ಸೈಟಿನಲ್ಲಿ 1.75 ಎಫ್‌ಎಆರ್ ಅಂದರೆ 195 ಚದರ ಮೀಟರ್ ಕಟ್ಟಡ. ಅದು ಒಂದೇ ಕುಟುಂಬದ ಡ್ಯೂಪ್ಲೆಕ್ಸ್ ಆಗಬಹುದು, ನಾಲ್ಕು ಬಾಡಿಗೆ ಮನೆಯಾಗಬಹುದು, ಪಿ.ಜಿ.ಯೂ ಆಗಬಹುದು. ನಕ್ಷೆಯಲ್ಲಿ ಮೂರೂ ಒಂದೇ. ನೀರಿಗೆ ಅಲ್ಲ. ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ಮೇಲಿನ ಬಡಾವಣೆಗೆ 2.4 ಲಕ್ಷ ಲೀಟರ್ ಸಾಕು. ಪ್ರತಿ ಸೈಟಿನಲ್ಲೂ ನಾಲ್ಕು ಮನೆಯಾದರೆ 9.7 ಲಕ್ಷ ಬೇಕು. ಮೊದಲ ಲೆಕ್ಕಕ್ಕೆ ಹಾಕಿದ ಒಳಚರಂಡಿ ಪೈಪು ಎರಡನೆಯದನ್ನು ತಾಳದೆ ಮ್ಯಾನ್‌ಹೋಲ್ ಉಕ್ಕುತ್ತದೆ.

ಅಳೆಯುವುದು ಕಷ್ಟವೇನಲ್ಲ. ಗಡಿ ಬದಲಾಗುವ ವಾರ್ಡ್ ಬಿಟ್ಟು ಒಂದೊಂದು ಹೆಕ್ಟೇರಿನ ಸ್ಥಿರ ಚೌಕಗಳನ್ನು ಹಿಡಿಯಬೇಕು. ಕೆರೆ, ರಾಜಕಾಲುವೆ ತೆಗೆದುಹಾಕಬೇಕು. ಗೃಹಬಳಕೆಯ ವಿದ್ಯುತ್ ಮೀಟರುಗಳನ್ನು ಎಣಿಸಿದರೆ ಮನೆಗಳ ಅಂದಾಜು ಸಿಗುತ್ತದೆ, ಆದರೆ ಮೋಟರ್, ಲಿಫ್ಟಿನ ಸಾಮಾನ್ಯ ಮೀಟರ್ ಕಳೆಯಬೇಕು. ತಿಂಗಳುಗಟ್ಟಲೆ ಬಳಕೆಯಿಲ್ಲದ್ದನ್ನು ಖಾಲಿ ಮನೆಯೆಂದು ಬೇರೆ ಬರೆದುಕೊಳ್ಳಬೇಕು. ಪಿ.ಜಿ.ಗಳಿಗೆ ಮಾತ್ರ ಈ ದಾರಿ ನಡೆಯದು. ಒಂದೇ ಮೀಟರಿನ ಹಿಂದೆ ಮೂವತ್ತು ಹಾಸಿಗೆ ಇರುತ್ತವೆ, ಅಲ್ಲಿ ಹಾಸಿಗೆಯನ್ನೇ ಎಣಿಸಬೇಕು.

ನಗರದ ಮುಂದಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡಿನಲ್ಲಿ ಪ್ರತಿ ಸಾಂದ್ರತೆಯ ಎದುರು ಮನೆಯೋ ಜನವೋ, ಒಟ್ಟೋ ನಿವ್ವಳವೋ, ಯಾವ ವರ್ಷದ ಎಣಿಕೆ ಎಂಬುದು ಅಚ್ಚಾಗಿರಲಿ. ಇಲ್ಲದಿದ್ದರೆ ನಾಗರಿಕರು ಆಕ್ಷೇಪಣೆ ಸಲ್ಲಿಸುವುದಾದರೂ ಯಾವುದಕ್ಕೆ?

– ನಗರ ಯೋಜಕರು, ಬೆಂಗಳೂರು