ಉಮೇದುವಾರ: ಮಗಳಿಗೊಂದು ಪತ್ರ

ಡೊಂಬಿವಲಿ, ಸೋಮವಾರ ರಾತ್ರಿ

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಎಂ.ಪಿ.ಎಸ್.ಸಿ. ಸರ್ಕಾರಿ ನೌಕರಿ ಪರೀಕ್ಷೆಯ ಪಟ್ಟಿಯಲ್ಲಿ ನಂಬರ್ ಇಲ್ಲ ಅಂತ ನಿನ್ನೆ ನೀನು ಅಂದರೆ, ನಾನು "ಇನ್ನೆಷ್ಟು ವರ್ಷ ಉಮೇದುವಾರಳಾಗೇ ಇರ್ತೀಯ?" ಅಂದುಬಿಟ್ಟೆ. ಮುಂದಿನದು ನಿನಗೂ ಗೊತ್ತು.

15 ವರ್ಷ ಅಚ್ಚಿನ ಮೊಳೆ ಜೋಡಿಸಿದವನು ನಾನು. ಚುನಾವಣೆ ಬಂದಾಗಲೆಲ್ಲ ಇದೇ ಪದ ಕೈಗೆ ಬರುತ್ತಿತ್ತು. ಫಾರಸಿಯಲ್ಲಿ ಉಮೇದ್ ಅಂದರೆ ಭರವಸೆ, ಉಮೇದ್‌ವಾರ್ ಅಂದರೆ ಭರವಸೆ ಇಟ್ಟುಕೊಂಡವನು, ಅಷ್ಟೇ. ಕನ್ನಡಕ್ಕೆ ಬಂದು ಉಮೇದು ಹುರುಪಾಯಿತು, ಉಮೇದುವಾರ ಓಟಿಗೆ ನಿಂತವನಾದ. ಮರಾಠಿಯವರು ಕೆಲಸ ಕಲಿಯುವ ಕಾಲಕ್ಕೂ ಉಮೇದವಾರಿ ಅನ್ನುತ್ತಾರೆ, ಕಸುವಿರುವ ವಯಸ್ಸಿಗೆ 'ಉಮೇದೀಚೀ ವರ್ಷಂ' ಅನ್ನುತ್ತಾರೆ. ನನ್ನ ಹೆದರಿಕೆ ಅಲ್ಲೇ ಇರುವುದು. ಆ ವರ್ಷಗಳೆಲ್ಲ ಕಾಯುವುದರಲ್ಲೇ ಹೋದರೆ?

ನಾನೂ ಕಾದಿದ್ದೇನೆ. 1984ರಲ್ಲಿ ಗಿರಗಾಂವ್‌ನ ಒಂದು ಪ್ರೆಸ್ಸಿನಲ್ಲಿ ಎಂಟು ತಿಂಗಳು, ಸಂಬಳವಿಲ್ಲದೆ. ಇದ್ದದ್ದು ಒಂದೇ ಬಿಳಿ ಅಂಗಿ. ಮಸಿ ಕೆಲಸಕ್ಕೆ ಯಾರಾದರೂ ಬಿಳಿ ಹಾಕುತ್ತಾರಾ? ಆದರೆ ಧಣಿ ಯಾವ ದಿನ ಕರೆದು "ನಾಳೆಯಿಂದ ಸಂಬಳ" ಅನ್ನುತ್ತಾರೋ ಅಂತ. ರಾತ್ರಿ ಚಾಳಿನ ನಲ್ಲಿಯಡಿ ಕೊರಳಪಟ್ಟಿ ಉಜ್ಜಿ, ನೀಲಿ ಹಾಕಿ, ಬೆಳಗ್ಗೆ ಒದ್ದೆಯನ್ನೇ ತೊಟ್ಟು ಲೋಕಲ್ ಹತ್ತುತ್ತಿದ್ದೆ. ಮಳೆಗಾಲದಲ್ಲಂತೂ ಮುಗ್ಗಲು ವಾಸನೆ. ಎಡತೋಳಿನ ಮಸಿ ಮಾತ್ರ ಹೋಗಲೇ ಇಲ್ಲ, ಒಳಗೆ ಮಡಚಿಕೊಳ್ಳುತ್ತಿದ್ದೆ. ಪ್ರೂಫ್ ತಿದ್ದುತ್ತಿದ್ದ ಮಾಸ್ತರರು ನೋಡಿ ನಕ್ಕರು. ಇಂಗ್ಲಿಷಿನ ಕ್ಯಾಂಡಿಡೇಟ್ ಕೂಡ ಬಿಳಿ ಬಟ್ಟೆಯವನೇ ಅಂದರು. ಹಳೇ ರೋಮಿನಲ್ಲಿ ಅಧಿಕಾರ ಬೇಕಾದವರು ಮೈಮೇಲೆ ಹೊದೆಯುವ ಟೋಗಾ ಅನ್ನುವ ಬಟ್ಟೆಗೆ ಸೀಮೆಸುಣ್ಣ ಬಳಿದು ಓಟು ಕೇಳುತ್ತಿದ್ದರಂತೆ. ಲ್ಯಾಟಿನ್‌ನಲ್ಲಿ ಕ್ಯಾಂಡಿಡಸ್ ಅಂದರೆ ಹೊಳೆಯುವ ಬಿಳುಪು.

ಧಣಿ ಕರೆಯಲೇ ಇಲ್ಲ. ಕೆಲಸ ಬೇರೆ ಕಡೆ ಸಿಕ್ಕಿತು, ಕಂದು ಅಂಗಿಯಲ್ಲಿ. ಆ ಎಂಟು ತಿಂಗಳಲ್ಲಿ ಒಬ್ಬರಾದರೂ ನನಗೆ "ಇನ್ನೆಷ್ಟು ದಿನ" ಅಂದಿರಲಿಲ್ಲ. ನಾನು ನಿನಗೆ ಅಂದೆ. ತಪ್ಪಾಯಿತು.

ಆದರೂ ಬ್ಯಾಂಕ್ ಪರೀಕ್ಷೆಯ ಫಾರಂ ಒಂದು ತುಂಬಿಡು. ಪುಣೆಯ ಸದಾಶಿವ ಪೇಠೆಯ ಆ ಅಭ್ಯಾಸಿಕೆಯಲ್ಲಿ, ಆ ಓದುವ ಕೋಣೆಯಲ್ಲಿ, ಬರೀ ಚಹಾ ಕುಡಿದು ಕೂತರೆ ತಲೆ ಓಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಬೇಕು, ಊಟ... ನೋಡು, ಶುರುವಾಯಿತು ನನ್ನದು.

ನಿನ್ನ ಮೊದಲ ಹಾಲ್ ಟಿಕೆಟ್ಟಿನ 'ಉಮೇದವಾರಾಚೇ ನಾವ', ಅಂದರೆ ಉಮೇದುವಾರರ ಹೆಸರು, ಅನ್ನುವ ಸಾಲನ್ನು ನಾನು ಇಡೀ ಬಿಲ್ಡಿಂಗಿಗೆ ತೋರಿಸಿದ್ದೆ. ಅದರ ಜೆರಾಕ್ಸ್ ಈಗಲೂ ನನ್ನ ರೈಲು ಪಾಸಿನ ಹಿಂದಿದೆ.

ಅಮ್ಮ ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಮಾತಾಡಬೇಕು ಅಂತೇನಿಲ್ಲ, ಒಂದು ಮಿಸ್ಡ್ ಕಾಲ್ ಕೊಡು. ಶನಿವಾರ ನಾನೇ ತಂದುಕೊಡುತ್ತೇನೆ.

ಅಪ್ಪ