ಯಾರ ಕೆಲಸ ಎಂದು ಕೇಳಿದ್ದೆಯಲ್ಲ

ಪ್ರೀತಿಯ ಕೂಸಿಗೆ, ಕಾರವಾರದಿಂದ ಮಾವನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿದೆ. ಹೊರದೇಶದವರು ನಮ್ಮ ನೆಲದಲ್ಲಿ ಒಬ್ಬ ರಾಯಭಾರಿಯನ್ನು ಕೊಲ್ಲಲು ಸಂಚು ಹೂಡಿದರೆ ನೋಡಬೇಕಾದವರು ಯಾರು? ಪೊಲೀಸರಾ, ಸೈನ್ಯವಾ, ವಿದೇಶಾಂಗ ಇಲಾಖೆಯಾ? ಪಿಎಸ್ಐ ಟ್ರೇನಿಂಗ್‌ಗೆ ಹೊರಟವಳು ನೀನು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಪೊಲೀಸರು, ಆಮೇಲೆ ಕೋರ್ಟು. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಯಭಾರಿಯನ್ನು ಕಾಯುವುದು ಅವರನ್ನು ಬರಮಾಡಿಕೊಂಡ ದೇಶದ ಹೊಣೆ. 2012ರ ಫೆಬ್ರವರಿ 13ರಂದು ದೆಹಲಿಯಲ್ಲಿ ಇಸ್ರೇಲ್ ರಾಯಭಾರ ಕಚೇರಿಯ ಕಾರಿಗೆ ಬಾಂಬ್ ಅಂಟಿಸಿದ್ದರಲ್ಲ, ಆಗಲೂ ತನಿಖೆಗೆ ಇಳಿದದ್ದು ದೆಹಲಿ ಪೊಲೀಸರೇ.

ಆದರೆ ನೀನು 2011ರ ಅಮೆರಿಕದ ಕೇಸು ಓದಲೇಬೇಕು. ವಾಷಿಂಗ್ಟನ್ನಿನಲ್ಲಿದ್ದ ಸೌದಿ ರಾಯಭಾರಿಯನ್ನು ಮುಗಿಸಲು ಅರ್ಬಾಬ್‌ಸಿಯಾರ್ ಎಂಬ ಇರಾನ್ ಮೂಲದ ಅಮೆರಿಕನ್ನನು ಮೆಕ್ಸಿಕೋದ ಡ್ರಗ್ಸ್ ಗ್ಯಾಂಗಿನವನ ಜೊತೆ 15 ಲಕ್ಷ ಡಾಲರಿಗೆ ಮಾತಾಡಿಕೊಂಡ. ಆ ಗ್ಯಾಂಗಿನವನು ನಿಜವಾಗಿ ಮಾದಕವಸ್ತು ತಡೆಯುವ ಇಲಾಖೆಯ ಮಾಹಿತಿದಾರ! ರಾಯಭಾರಿಯನ್ನು ಕಾಯುವುದು ಆ ಇಲಾಖೆಯ ಕೆಲಸವಲ್ಲ. ಆದರೂ ಸುಮ್ನೆ ಕೂರಲಿಲ್ಲ, ಎಫ್‌ಬಿಐಗೆ ತಿಳಿಸಿತು. ಮೆಕ್ಸಿಕೋಗೆ ಹೋದ ಅರ್ಬಾಬ್‌ಸಿಯಾರ್‌ನನ್ನು ಆ ದೇಶ ಒಳಗೆ ಬಿಡದೆ ವಾಪಸ್ ಕಳಿಸಿತು. ಸೆಪ್ಟೆಂಬರ್ 29ರಂದು ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. 2013ರಲ್ಲಿ 25 ವರ್ಷ ಜೈಲಾಯಿತು. ಇದರ ಹಿಂದೆ ಇರಾನ್ ಇದೆ ಎಂದು ಅಮೆರಿಕ ಬೊಟ್ಟು ಮಾಡಿದ್ದು, ನಿರ್ಬಂಧ ಹಾಕಿದ್ದು ಎಲ್ಲ ಅವನು ಸಿಕ್ಕಿದ ಮೇಲೆ. ಕೈಯಲ್ಲಿ ಸಾಕ್ಷಿ ಇಲ್ಲದೆ ವಿದೇಶಾಂಗದವರಾದರೂ ಏನು ಮಾತಾಡುತ್ತಾರೆ, ಹೇಳು? ಸೈನ್ಯದ ಮಾತಂತೂ ಅಷ್ಟು ಬೇಗ ಎತ್ತಲೇಬಾರದು.

ನಮ್ಮ ಈ ಕಡಲಿಗೂ ನೌಕಾಪಡೆ, ಕೋಸ್ಟ್ ಗಾರ್ಡ್, ಕಸ್ಟಮ್ಸ್, ಕರಾವಳಿ ಪೊಲೀಸ್ ಎಂದು ಕಾಯುವವರು ಜಾಸ್ತಿಯೇ ಇದ್ದಾರೆ. ನಾನು ನೌಕರಿಯಲ್ಲಿದ್ದಾಗ ಬೈತಖೋಲದ ಮೀನುಗಾರನೊಬ್ಬ ರಾತ್ರಿ ದೀಪ ಆರಿಸಿಕೊಂಡು ಹೋಗುವ ಬೋಟ್ ಕಂಡಿದ್ದ. ಬೆಳಿಗ್ಗೆ ದಡಕ್ಕೆ ಬಂದವನೇ ಹೇಳಲು ಹೋದ. ಒಂದು ಕಚೇರಿಯಲ್ಲಿ 'ಇದು ನಮ್ಮ ಲಿಮಿಟ್ ಅಲ್ಲ' ಎಂದರು. ಇನ್ನೊಂದರಲ್ಲಿ 'ಸಾಹೇಬರು ಬರಲಿ, ಕೂತಿರು' ಎಂದರು. ನನ್ನ ಮೇಜಿನ ಮುಂದೆ ಬಂದು ನಿಂತಾಗ ಮಧ್ಯಾಹ್ನ ದಾಟಿತ್ತು. ಅವನ ಒದ್ದೆ ಲುಂಗಿ ಮೈಮೇಲೇ ಒಣಗಿ, ಅಂಚಿಗೆ ಉಪ್ಪು ಬೆಳ್ಳಗೆ ಗೆರೆ ಕಟ್ಟಿತ್ತು. ಬೋಟ್ ಯಾರದ್ದೆಂದು ಕೊನೆಗೂ ತಿಳಿಯಲಿಲ್ಲ. ಆಮೇಲೆ ಅವನು ಏನು ಕಂಡರೂ ಹೇಳಲು ಬರಲಿಲ್ಲ. ಅದು ನನಗೆ ಇವತ್ತಿಗೂ ನೋವು.

ನಿನ್ನ ಸ್ಟೇಷನ್ನಿಗೆ ಅಂಥವನು ಬಂದರೆ ಮೊದಲು ಕುರ್ಚಿ ಕೊಡು, ನೀರು ಕೊಡು. ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೋ. ನಿನ್ನ ಲಿಮಿಟ್ ಅಲ್ಲದಿದ್ದರೆ ಅವನನ್ನು ಕಳಿಸಬೇಡ ಮಗಾ, ಫೋನ್ ನೀನೇ ಮಾಡು.

ಇಂತಿ,
ನಿನ್ನ ಮಾವ